ಬಿಸಿಲಿನ ಗಿಡಕ್ಕೆ ವಿದ್ಯುತ್ತಿನ ಸೂರ್ಯ

ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ವಯಸ್ಕರು ಸ್ವಂತ ಬಳಕೆಗೆಂದು ಮನೆಯಲ್ಲಿ ಮೂರು ಗಾಂಜಾ ಗಿಡ ಬೆಳೆಸಬಹುದಾಗಿದೆ. ಮಕ್ಕಳ ಕೈಗೆ ಸಿಗದಂತೆ ಕಾಯಬೇಕೆಂಬುದು ನಿಯಮ. ಆದುದರಿಂದ ಮೊದಲ ಗಿಡವೇ ಕೋಣೆ ಸೇರಿ ಅಗ್ಗದ ಎಲ್‌ಇಡಿ ದೀಪದಡಿ ಬೆಳೆಯುವುದುಂಟು. 1000 ವ್ಯಾಟ್ ಎಂದು ಮಾರಾಟವಾಗುವ ಇಂತಹ ಎಷ್ಟೋ ದೀಪಗಳು ವಾಸ್ತವದಲ್ಲಿ ಬಳಸುವುದು ಸುಮಾರು 100 ವ್ಯಾಟ್. ಅಷ್ಟೇ ಆದರೂ ದಿನಕ್ಕೆ 18 ಗಂಟೆ ಉರಿದರೆ ತಿಂಗಳಿಗೆ 54 ಯೂನಿಟ್! ನಮ್ಮ ಎಷ್ಟೋ ಬಡಮನೆಗಳ ದೀಪ, ಫ್ಯಾನುಗಳು ಇಷ್ಟರಲ್ಲೇ ನಡೆಯುತ್ತವೆ.

ಹಳೆಯ ಸೋಡಿಯಂ ದೀಪಕ್ಕಿಂತ ಎಲ್‌ಇಡಿ ಮೇಲು, ನಿಜ. ಆದರೆ ದೊಡ್ಡ ಒಳಾಂಗಣ ಬೇಸಾಯದಲ್ಲಿ ದೀಪದಷ್ಟೇ ಹೊರೆ ಹವಾನಿಯಂತ್ರಣದ್ದು. ಅಮೆರಿಕದಲ್ಲಿ ಹೀಗೆ ಬೆಳೆದ ಒಂದು ಕಿಲೋ ಒಣಹೂವಿನ ಹಿಂದೆ, ಸ್ಥಳಾನುಸಾರ, 2,283ರಿಂದ 5,184 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆಯಿದೆಯೆಂದು ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಲೆಕ್ಕಹಾಕಿದರು. ಹಿಮಾಲಯದ ತಪ್ಪಲಿನಲ್ಲಿ ಕಳೆಯಂತೆ ತಾನೇ ಹುಟ್ಟುವ ಗಿಡಕ್ಕೆ ಇದೆಂತಹ ಉಪಚಾರ!

ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಗಾಂಜಾ ಬೆಳೆಯುವುದು 1985ರ ಮಾದಕ ವಸ್ತು ಕಾಯ್ದೆಯಂತೆ ಹತ್ತು ವರ್ಷದವರೆಗೆ ಸೆರೆವಾಸದ ಅಪರಾಧ. ಹಿತ್ತಲಾಗಲಿ ಕೋಣೆಯಾಗಲಿ ವ್ಯತ್ಯಾಸವಿಲ್ಲ. ವಿದ್ಯಾರ್ಥಿ ಮಿತ್ರರು ಇದನ್ನು ತಿಳಿದಿರಲಿ. ಅನುಮತಿಸುವ ದೇಶಗಳಾದರೂ ಬಯಲಿನ ಬೆಳೆಗೇ ಮೊದಲ ಮಣೆ ಹಾಕಬೇಕು. ಶರಾವತಿಯ ವಿದ್ಯುತ್ತಿಗಾಗಿ ಊರು ಮುಳುಗಿಸಿಕೊಂಡ ಮಲೆನಾಡಿಗರಿಗೆ ಈ ಮಾತನ್ನಾಡುವ ಹಕ್ಕಿದೆ.