ಬಂಗಲೆಯ ನಾಯಿಗೆ ಒಂದು ಕೆಲಸ ಕೊಡಿ

ಲೋಣಾವಳಾದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಎಷ್ಟೋ ಬಂಗಲೆಗಳಿಗೆ ಬೀಗ. ಮುಂಬಯಿ, ಪುಣೆಯ ಯಜಮಾನರು ಶನಿವಾರ ಬರುತ್ತಾರೆ, ಭಾನುವಾರ ಸಂಜೆ ಎಕ್ಸ್‌ಪ್ರೆಸ್‌ವೇ ಹಿಡಿಯುತ್ತಾರೆ. ನಡುವಿನ ಐದು ದಿನ ಅಲ್ಲಿರುವುದು ವಾಚ್‌ಮನ್ ಮತ್ತು ನಾಯಿ. ವಾಚ್‌ಮನ್‌ಗೆ ಹೊತ್ತು ಕಳೆಯಲು ಮೊಬೈಲ್ ಇದೆ. ನಾಯಿಗೆ ಗೇಟು ಬಿಟ್ಟರೆ ಬೇರೇನೂ ಇಲ್ಲ.

ತುಂಗಾರ್ಲಿಯಲ್ಲಿ ನಮ್ಮ ಪಕ್ಕದ ಬಂಗಲೆಯ ಶೇರಾ ಎರಡು ವರ್ಷದ ಬಾರ್ಡರ್ ಕಾಲಿ. ಕಳೆದ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಅದನ್ನು ವರಾಂಡದ ಕಂಬಕ್ಕೆ ಕಟ್ಟಿದರು. ಒಂದು ವಾರ ಬೊಗಳಿತು. ಆಮೇಲೆ ಬಾಗಿಲ ಚೌಕಟ್ಟು ಕಡಿಯಿತು. ಆಮೇಲೆ ತನ್ನ ಬಾಲವನ್ನೇ ಹಿಡಿಯಲು ಗಿರಗಿರನೆ ಸುತ್ತತೊಡಗಿತು. ನಮ್ಮ ಅಡುಗೆಮನೆ ಕಿಟಕಿಯಿಂದ ನೋಡಿದರೆ ಬೆಳಿಗ್ಗೆಯೂ ಸುತ್ತುತ್ತಿತ್ತು, ಸಂಜೆಯೂ ಸುತ್ತುತ್ತಿತ್ತು. ಯಜಮಾನರು ಕೆಟ್ಟವರೇನಲ್ಲ. "ಇಷ್ಟು ದೊಡ್ಡ ಅಂಗಳ, ಒಳ್ಳೆ ಊಟ. ಇನ್ನೇನು ಬೇಕು ಅದಕ್ಕೆ? ತಲೆ ಕೆಟ್ಟಿದೆ, ಯಾರಿಗಾದರೂ ಕೊಟ್ಟುಬಿಡುತ್ತೇನೆ" ಅಂದರು.

ನನಗೆ ಹಾಗೆ ಅನಿಸಲಿಲ್ಲ. ಅದರ ತಲೆ ಸರಿಯಾಗಿಯೇ ಇತ್ತು. ಆ ತಲೆಗೆ ಮಾಡಲು ಕೆಲಸವಿರಲಿಲ್ಲ ಅಷ್ಟೆ.

ಇಂಗ್ಲೆಂಡ್–ಸ್ಕಾಟ್ಲೆಂಡ್ ಗಡಿಯಲ್ಲಿ ಕುರಿ ಮಂದೆ ಕಾಯಲೆಂದೇ ತಲೆಮಾರುಗಳಿಂದ ಆಯ್ದು ಬೆಳೆಸಿದ ತಳಿ ಅದು. ಇಡೀ ದಿನ ಕುರಿಗಳ ಚಲನೆ ಗಮನಿಸುವುದು, ಕುರುಬನ ಶಿಳ್ಳೆ ಅರ್ಥ ಮಾಡಿಕೊಳ್ಳುವುದು, ತಾನೇ ತೀರ್ಮಾನ ಮಾಡುವುದು ಅದರ ಕಸುಬು. ಅಮೆರಿಕದ ವೊಫರ್ಡ್ ಕಾಲೇಜಿನ ಜಾನ್ ಪಿಲ್ಲಿ ಎಂಬ ಮನಶ್ಶಾಸ್ತ್ರದ ಮೇಷ್ಟ್ರು ನಿವೃತ್ತಿಯ ನಂತರ ಚೇಸರ್ ಎಂಬ ಇದೇ ತಳಿಯ ನಾಯಿಗೆ 1,022 ಆಟಿಕೆಗಳ ಹೆಸರು ಕಲಿಸಿ, 2011ರಲ್ಲಿ ಅದನ್ನು ಪ್ರಕಟಿಸಿದರು. ಎಲ್ಲರೂ ಆ ಸಂಖ್ಯೆ ನೋಡಿ ಬೆರಗಾಗುತ್ತಾರೆ. ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಮೂರು ವರ್ಷ, ದಿನಕ್ಕೆ ನಾಲ್ಕೈದು ತಾಸು ಆ ಮುದುಕರು ನಾಯಿಯ ಜೊತೆ ಕುಳಿತಿದ್ದರು.

ನಾವು ಜಾಣ ತಳಿ ಬೇಕು ಅನ್ನುತ್ತೇವೆ, ಆ ಜಾಣತನಕ್ಕೆ ಕೊಡಬೇಕಾದ ಹೊತ್ತಿನ ಲೆಕ್ಕ ಹಾಕುವುದಿಲ್ಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಮಾಡಿಸದಿರುವುದು ಅಪರಾಧ. ಒಳ್ಳೆಯ ಕಾನೂನು. ಆದರೆ ಅದು ಕಾಲುಗಳ ಮಾತಾಡುತ್ತದೆ, ತಲೆಯ ಮಾತಾಡುವುದಿಲ್ಲ. ನಾವೂ ಹಾಗೆಯೇ. ನಾಯಿ ಗಲಾಟೆ ಮಾಡಿದರೆ "ಇನ್ನೂ ಓಡಿಸು" ಅನ್ನುತ್ತೇವೆ. ದಿನವೂ ನೂರು ಸಲ ಚೆಂಡು ಎಸೆದರೆ ನಾಯಿ ಸುಸ್ತಾಗುವುದನ್ನು ಕಲಿಯುವುದಿಲ್ಲ, ನೂರೈವತ್ತು ಸಲ ಓಡುವುದನ್ನು ಕಲಿಯುತ್ತದೆ.

"ಬೀದಿ ನಾಯಿಗೆ ಯಾರು ಆಟ ಆಡಿಸುತ್ತಾರೆ?" ಎಂದು ನೀವು ಕೇಳಬಹುದು. ಯಾರೂ ಆಡಿಸುವುದಿಲ್ಲ, ನಿಜ. ಅದರ ದಿನವೇ ಕೆಲಸ. ಯಾವ ಚಿಕ್ಕಿ ಅಂಗಡಿ ಎಷ್ಟು ಹೊತ್ತಿಗೆ ಬಾಗಿಲು ತೆಗೆಯುತ್ತದೆ, ಯಾವ ವಡಾಪಾವ್ ಗಾಡಿಯವನು ಚೂರು ಎಸೆಯುತ್ತಾನೆ, ಯಾವನು ಕಲ್ಲೆಸೆಯುತ್ತಾನೆ, ಮುಂದಿನ ಬೀದಿಯ ಗುಂಪು ಎಲ್ಲಿವರೆಗೆ ಬಂದಿದೆ, ಇಷ್ಟೂ ಅದರ ತಲೆಯಲ್ಲಿರಬೇಕು. ಅದರ ಕಷ್ಟಗಳು ಬೇರೆ. ಆದರೆ ಬೇಸರ ಆ ಕಷ್ಟಗಳಲ್ಲಿ ಒಂದಲ್ಲ.

ಹಾಗಾದರೆ ಶೇರಾಗೆ ಏನು ಮಾಡಿದೆವು? ಆಟಿಕೆ ಕೊಳ್ಳಲಿಲ್ಲ. ಮೊದಲು ಊಟದ ತಟ್ಟೆ ಎತ್ತಿಟ್ಟೆವು. ತಟ್ಟೆಯಲ್ಲಿಟ್ಟರೆ ಒಂದು ನಿಮಿಷದಲ್ಲಿ ಮುಗಿಯುವ ಊಟವನ್ನು ಹಳೇ ಟವೆಲ್ಲಿನಲ್ಲಿ ಸುತ್ತಿ ಕೊಟ್ಟೆವು. ಬಿಚ್ಚಿ ತಿನ್ನಲು ಹದಿನೈದು ನಿಮಿಷ ಬೇಕಾಯಿತು. ನಂತರ ಚಿಕ್ಕಿಯ ಖಾಲಿ ರಟ್ಟಿನ ಡಬ್ಬಗಳು. ಅವಕ್ಕೆ ನಮ್ಮೂರಲ್ಲಿ ಬರವಿಲ್ಲ. ಪಿನ್ನು, ಟೇಪು ಕಿತ್ತು ಮೂರು ಡಬ್ಬ ಇಟ್ಟು, ಒಂದರಲ್ಲಿ ಮಾತ್ರ ಬೇಯಿಸಿದ ಕೋಳಿಯ ಚೂರು. ಸಿಕ್ಕಿತೆಂದರೆ "ಶಾಬಾಶ್". ನಾಲ್ಕನೇ ದಿನ ಡಬ್ಬಗಳು ಆರಾದವು, ಬೇರೆ ಬೇರೆ ಕೋಣೆಗೆ ಹೋದವು. ಆಮೇಲೆ ಹೆಸರಿನ ಆಟ: ಹಗ್ಗ, ಚೆಂಡು, ಹಳೇ ಚಪ್ಪಲಿ. ಒಂದು ಹೆಸರು ಗಟ್ಟಿಯಾಗುವವರೆಗೆ ಇನ್ನೊಂದಿಲ್ಲ. ಕೊನೆಗೆ ಕಣ್ಣಾಮುಚ್ಚಾಲೆ. ನಾನು ನಾಯಿಯನ್ನು ಹಿಡಿದಿರುತ್ತಿದ್ದೆ, ವಾಚ್‌ಮನ್ ಕಾಕಾ ಅಕ್ಕಿ ಡ್ರಮ್ಮಿನ ಹಿಂದೆ ಅಡಗುತ್ತಿದ್ದರು. ಅರವತ್ತು ದಾಟಿದ ಮನುಷ್ಯ ನಗು ತಡೆಯಲಾರದೆ ಸಿಕ್ಕಿಬೀಳುತ್ತಿದ್ದರು.

ಇದರಲ್ಲಿ ಮೂಗಿನ ಪಾಲು ದೊಡ್ಡದು. ಶಾರ್ಲಟ್ ಡ್ಯುರಾಂಟನ್, ಅಲೆಕ್ಸಾಂಡ್ರಾ ಹೊರೊವಿಟ್ಜ್ ಎಂಬ ಇಬ್ಬರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಸಾಕುನಾಯಿಗಳಿದ್ದವು. ಅರ್ಧದಷ್ಟು ನಾಯಿಗಳು ಎರಡು ವಾರ ವಾಸನೆ ಹಿಡಿದು ತಿಂಡಿ ಹುಡುಕಿದವು. ಉಳಿದವು ಯಜಮಾನನ ಪಕ್ಕದಲ್ಲೇ ಶಿಸ್ತಿನಿಂದ ನಡೆಯುವುದನ್ನು ಕಲಿತವು. ಬಟ್ಟಲು ಒಂದು ಬದಿಯಲ್ಲಿದ್ದರೆ ತಿಂಡಿ ಉಂಟು, ಇನ್ನೊಂದು ಬದಿಯಲ್ಲಿದ್ದರೆ ಇಲ್ಲ. ನಡುವೆ ಇಟ್ಟರೆ? ಮೂಗಿನ ಕೆಲಸ ಮಾಡಿದ ನಾಯಿಗಳು ಮೊದಲಿಗಿಂತ ಬೇಗ ಅದರತ್ತ ಹೋದವು. ಏನಾದರೂ ಸಿಕ್ಕೀತು ಎಂಬ ಭರವಸೆ ಅವಕ್ಕೆ ಹೆಚ್ಚಿತ್ತು. ಸಣ್ಣ ಪ್ರಯೋಗ, ನಿಜ. ಆದರೆ ವರಾಂಡದಲ್ಲಿ ನಾನು ಕಂಡದ್ದಕ್ಕೆ ಅದು ಹೊಂದುತ್ತದೆ.

ಎಲ್ಲ ನಾಯಿಗೂ ಒಂದೇ ಆಟ ಅಂದುಕೊಳ್ಳಬೇಡಿ. ಸ್ಟಾನ್ಲಿ ಕೋರೆನ್ 1994ರ ಪುಸ್ತಕದಲ್ಲಿ ಕೊಟ್ಟ ಜಾಣ ತಳಿಗಳ ಪಟ್ಟಿಯಲ್ಲಿ ಬಾರ್ಡರ್ ಕಾಲಿ ಮೊದಲು, ಅಫ್ಘಾನ್ ಹೌಂಡ್ ಕೊನೆ. ಆ ಪಟ್ಟಿ ಅಳೆದದ್ದು ಮುಖ್ಯವಾಗಿ ಹೇಳಿದ ಮಾತು ಕೇಳುವುದನ್ನು. ಕಣ್ಣಿನಿಂದ ಬೇಟೆಯಾಡುವ ತಳಿಗಳಿಗೆ ಆ ಪರೀಕ್ಷೆಯಲ್ಲಿ ಅಂಕ ಸಿಗುವುದಿಲ್ಲ. ನಮ್ಮ ಬಾಗಲಕೋಟೆಯ ಮುಧೋಳ ನಾಯಿ ಅಂಥದ್ದೇ ತಳಿ. ಅದಕ್ಕೆ ಹತ್ತು ಹೆಸರು ಕಲಿಸಲು ಹೋಗಿ "ಇದು ದಡ್ಡ" ಅನ್ನುವುದಕ್ಕಿಂತ, ಬಿದಿರು ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆ ಕಟ್ಟಿ ನೆಲದ ಮೇಲೆ ಓಡಾಡಿಸಿ. ಆಗಾಗ ಹಿಡಿಯಲು ಬಿಡಿ. ಅದರ ಬುದ್ಧಿ ಕಣ್ಣಿಗೆ ಕಾಣುತ್ತದೆ.

ಕೆಲವು ಎಚ್ಚರಿಕೆ. ಮೊದಲು ಸುಲಭದಿಂದ ಶುರು ಮಾಡಿ, ನಾಯಿ ಗೆಲ್ಲಬೇಕು. ಇನ್ನೂ ಬೇಕು ಅನ್ನುವಾಗಲೇ ನಿಲ್ಲಿಸಿ. ಎರಡು ನಾಯಿಗಳಿದ್ದರೆ ತಿಂಡಿಯ ಆಟ ಬೇರೆ ಬೇರೆ. ರಟ್ಟು ನುಂಗುವ ನಾಯಿಗೆ ರಟ್ಟು ಬೇಡ. ಲೋಣಾವಳಾದ ಚಾಕೊಲೇಟ್ ಫಜ್ ಆಗಲಿ, ದ್ರಾಕ್ಷಿ ಆಗಲಿ ಯಾವ ಆಟಕ್ಕೂ ಬೇಡ, ನಾಯಿಗೆ ಅವು ವಿಷ. ಬಾಲ ಹಿಡಿಯುವುದು, ಕಾಲು ನೆಕ್ಕುವುದು ನಿಲ್ಲದಿದ್ದರೆ ಪಶುವೈದ್ಯರಿಗೆ ತೋರಿಸಿ. ಬೇಸರದಂತೆ ಕಾಣುವುದು ನೋವೂ ಆಗಿರಬಹುದು.

ಆಗಸ್ಟ್ ಹೊತ್ತಿಗೆ ಶೇರಾ ಹೆಚ್ಚಿನ ಮಧ್ಯಾಹ್ನ ಮಲಗಿರುತ್ತಿತ್ತು. ಚೌಕಟ್ಟು ಕಡಿಯುವುದು ಬಿಟ್ಟಿತು. ಸುತ್ತುವುದು ಪೂರ್ತಿ ಹೋಗಲಿಲ್ಲ. ಗುಡುಗಿದ ದಿನ, ಕಾಕಾ ರಜೆ ಹೋದ ದಿನ ಇವತ್ತಿಗೂ ಸುತ್ತುತ್ತದೆ. ಯಜಮಾನರು ಅದನ್ನು ಕೊಟ್ಟುಬಿಡುವ ಮಾತು ಸದ್ಯಕ್ಕೆ ಎತ್ತಿಲ್ಲ. ಹೋದ ತಿಂಗಳು ಕಾಕಾನ ಸಂಬಳಕ್ಕೆ "ನಾಯಿ ಆಟ" ಎಂದು ಸ್ವಲ್ಪ ಸೇರಿಸಿದ್ದಾರಂತೆ. ನನಗೆ ಅದು ಸರಿಯಾದ ಲೆಕ್ಕ ಅನಿಸಿತು. ನೀವು ಅಲ್ಲಿರಲಾಗದಿದ್ದರೆ, ಅಲ್ಲಿರುವವರ ಹೊತ್ತಿಗೆ ಬೆಲೆ ಕೊಡಿ.

ದಿನಕ್ಕೆ ಅರ್ಧ ತಾಸು ನಿಮ್ಮದೋ ಇನ್ನೊಬ್ಬರದೋ ಖಾತ್ರಿ ಇಲ್ಲವೆಂದರೆ, ಕುರಿ ಕಾಯುವ ತಳಿಯನ್ನು ಬಂಗಲೆಗೆ ತರಬೇಡಿ. ಗೇಟು ಕಾಯಲು ಒಂದು ಗಟ್ಟಿ ಬೀಗ ಸಾಕು. ಈಗಾಗಲೇ ತಂದಿದ್ದರೆ, ಇವತ್ತು ರಾತ್ರಿಯೇ ತಟ್ಟೆಯ ಬದಲು ಒಂದು ಹಳೇ ಟವೆಲ್ಲು ಹುಡುಕಿ.