‘ಆಕಸ್ಮಿಕ’ ಅಂತ ಬರೆದದ್ದು ಸಾಕು

‘ಕರೆಂಟ್ ಹೊಡೆದು ಯುವಕ ಸಾವು.’ ಇಂಥ ನಾಲ್ಕು ಸಾಲಿನ ಸುದ್ದಿ ನಾವು ವರದಿಗಾರರು ಎಷ್ಟು ಸಲ ಕಳಿಸಿದ್ದೇವೋ ಲೆಕ್ಕವಿಲ್ಲ. ಕೊನೆಗೊಂದು ‘ಆಕಸ್ಮಿಕ’ ಸೇರಿಸಿ ಕೈ ತೊಳೆದುಕೊಂಡೆವು. ಅಲ್ಲಿ ಅರ್ಥಿಂಗ್ ಇತ್ತಾ ಅಂತ ಕೇಳಲಿಲ್ಲ. ಆ ತಪ್ಪು ನಮ್ಮದು.

ಈಗ ಫೋನ್ ತೆರೆದರೆ ಗುಜರಿ ಮೋಟಾರಿನ ವಿಡಿಯೋಗಳು. ಹಳೇ ವಾಷಿಂಗ್ ಮೆಷಿನ್ ಮೋಟಾರು, ಎರಡು ವೈರು, ಸಾಕೆಟ್ಟಿಗೆ ಬೆಂಕಿಕಡ್ಡಿ ಸಿಕ್ಕಿಸಿದರೆ ಮುಗೀತು. ಹಳೆಯದನ್ನು ಬಳಸೋದು ತಪ್ಪಲ್ಲ. ಕುಡುಗೋಲು ಮಸೆಯೋ ಕಲ್ಲಿಗೆ ಹೊಸ ಮೋಟಾರು ಕೊಳ್ಳಿ ಅನ್ನುವವರು ನಮ್ಮ ಜೇಬು ನೋಡಿಲ್ಲ. ನಮ್ಮ ಜಗಳ ಇರೋದು ‘ತಿರುಗಿತು ಅಂದ್ರೆ ಸರಿಯಿದೆ’ ಅನ್ನೋ ಮಾತಿನ ಮೇಲೆ.

ಸೆಮಿ ಆಟೋಮ್ಯಾಟಿಕ್ ಮೆಷಿನ್ನಿನಲ್ಲಿ ಮೋಟಾರಿನ ಸುತ್ತ ಪ್ಲಾಸ್ಟಿಕ್ ಇರುತ್ತೆ. ಹೊರಗೆ ತೆಗೆದ ಮೇಲೆ ಅದು ಬರೀ ಕಬ್ಬಿಣ. ವರ್ಷಗಟ್ಟಲೆ ನೀರು, ಸೋಪು ಕುಡಿದ ವೈಂಡಿಂಗ್ ಒಳಗೆ ಸೋರುತ್ತಿದ್ದರೂ ಮೋಟಾರು ತಿರುಗುತ್ತೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲು ಪ್ಲಗ್ ಕೀಳಿ. ಹಳೇ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರಬಹುದು. ಅದರ ಎರಡು ತುದಿಗೂ ಬಲ್ಬ್ ಹೋಲ್ಡರಿನ ವೈರು ತಾಗಿಸಿ ಖಾಲಿ ಮಾಡಿ, ಬಿಚ್ಚಿಡಿ. ವಾಷ್ ಮೋಟಾರಿನ ಮೂರು ವೈರುಗಳನ್ನು ಮಲ್ಟಿಮೀಟರಿನಲ್ಲಿ ಅಳೆಯಿರಿ. ಯಾವ ಎರಡರ ನಡುವೆ ಓಮ್ಸ್ ಹೆಚ್ಚೋ ಕೆಪಾಸಿಟರ್ ಅವೆರಡಕ್ಕೆ. ಉಳಿದದ್ದು ಕಾಮನ್, ಅದಕ್ಕೆ ನ್ಯೂಟ್ರಲ್. ಫೇಸ್ ಆ ಎರಡರಲ್ಲಿ ಒಂದಕ್ಕೆ. ಇನ್ನೊಂದಕ್ಕೆ ಕೊಟ್ಟರೆ ಉಲ್ಟಾ ತಿರುಗುತ್ತೆ.

ಆಮೇಲೆ ರೀವೈಂಡಿಂಗ್ ಅಂಗಡಿಗೆ ಒಯ್ದು ಮೆಗ್ಗರ್ ಹಾಕಿಸಿ. ವೈಂಡಿಂಗಿಗೂ ಮೋಟಾರಿನ ಮೈಗೂ ನಡುವೆ 500 ವೋಲ್ಟಿನಲ್ಲಿ 1 ಮೆಗಾಓಮ್ ಕೂಡ ಬಾರದಿದ್ದರೆ ಆ ಮೋಟಾರು ಮತ್ತೆ ಗುಜರಿಗೇ.

ಮೈಗೆ ಬೋಲ್ಟ್ ಹಾಕಿ, ಅರ್ಥಿಂಗ್ ವೈರು ಬಿಗಿದು, ಮೂರು ಪಿನ್ನಿನ ಪ್ಲಗ್ ಹಾಕಿ. ಅರ್ಥಿಂಗ್ ಬದಲು ನ್ಯೂಟ್ರಲ್ ಕಟ್ಟೋ ಜಾಣತನ ಬೇಡ. ಆ ನ್ಯೂಟ್ರಲ್ ಕಡಿದ ದಿನ ಇಡೀ ಮೋಟಾರೇ ಫೇಸ್ ಆಗುತ್ತೆ. ಮೊದಲ ಸಲ ಓಡಿಸುವಾಗ ಒಣ ಹಲಗೆಗೆ ಮೋಟಾರು ಬಿಗಿದು, 200 ವ್ಯಾಟಿನ ಹಳೇ ಕಾಲದ ತಂತಿ ಬಲ್ಬನ್ನು ಸೀರೀಸಿನಲ್ಲಿ ಕೊಡಿ, ಎಲ್‌ಇಡಿ ಆಗಲ್ಲ. ಬಲ್ಬು ಪೂರ್ತಿ ಉರಿದು ಮೋಟಾರು ಮಿಸುಕದಿದ್ದರೆ ಅಲ್ಲಿಗೇ ನಿಲ್ಲಿಸಿ.

‘ಮನೇಲಿ ಎಂಸಿಬಿ ಇದೆಯಲ್ಲ’ ಅಂತೀರಾ? ಅದು ಕಾಯೋದು ವೈರನ್ನು, ನಿಮ್ಮನ್ನಲ್ಲ. 6 ಆಂಪಿಯರ್ ದಾಟುವವರೆಗೂ ಅದು ಸುಮ್ಮನಿರುತ್ತೆ. ಮನುಷ್ಯನ ಜೀವಕ್ಕೆ ಅದರ 200ರಲ್ಲಿ ಒಂದು ಪಾಲೂ ಅಪಾಯವೇ. ಅಷ್ಟಕ್ಕೇ, ಅಂದರೆ 30 ಮಿಲಿಆಂಪಿಯರಿಗೆ ಬೀಳುವ ಆರ್‌ಸಿಸಿಬಿ ಬೇರೆಯೇ ಇದೆ. ಅದನ್ನು ಹಾಕಿಸಿ.

ಇಷ್ಟೆಲ್ಲ ಯಾರು ಮಾಡ್ತಾರೆ ಅನ್ನಬೇಡಿ. ಬೋರಿನ ಮೋಟಾರು ಕೆಟ್ಟರೆ ಮೂರು ದಿನ ಓಡಾಡುವವರು ನಾವು. ಮಗನ ಕೈಗೆ ಕೊಡೋ ಮೋಟಾರಿಗೆ ಅರ್ಧ ದಿನ ಕೊಡೋಣ. ಮುಂದಿನ ಸಲ ಇಂಥ ಸುದ್ದಿ ಬರೆಯಬೇಕಾಗಿ ಬಂದರೆ ಅರ್ಥಿಂಗ್ ಇತ್ತಾ, ಆರ್‌ಸಿಸಿಬಿ ಇತ್ತಾ ಅಂತ ಕೇಳಿಯೇ ಬರೆಯುತ್ತೇವೆ. ನಾವು ಕೇಳೋ ಮೊದಲು ನೀವೇ ಇವತ್ತು ಮನೆಯಲ್ಲಿ ನೋಡಿಬಿಡಿ.