ಪೊಟರೆಯ ಮರವೂ ಒಂದು ಮುಳ್ಳಿಲಿಯೂ

ಮರದ ವ್ಯಾಪಾರಿಯ ಲೆಕ್ಕದಲ್ಲಿ ಪೊಟರೆ ಬಿದ್ದ ಮುದಿಮರಕ್ಕೆ ಬೆಲೆಯಿಲ್ಲ. ಅದು ತೊಲೆಗೆ ಒದಗದು, ಹಲಗೆಗೂ ಒದಗದು, ಬಹಳವಾದರೆ ಸೌದೆಯಾದೀತು. ಕಾಡನ್ನೂ ತೋಟವನ್ನೂ ಈ ಕಣ್ಣಿನಿಂದಲೇ ನೋಡುವ ಅಭ್ಯಾಸ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಅದು ತಪ್ಪೆಂದು ಹೇಳಲು ನಾವು ಸಾಕ್ಷಿಗೆ ಕರೆಯುವುದು ಹುಲಿಯನ್ನಲ್ಲ, ಆನೆಯನ್ನೂ ಅಲ್ಲ. ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ದಂಶಕವನ್ನು.

ಕರ್ನಾಟಕ, ಕೇರಳ, ತಮಿಳುನಾಡುಗಳಿಗೆ ಸೇರಿದ ಪಶ್ಚಿಮಘಟ್ಟಗಳ ಮಳೆಕಾಡುಗಳನ್ನು ಬಿಟ್ಟರೆ ಈ ಪ್ರಾಣಿ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಆಂಗ್ಲ ಗ್ರಂಥಗಳಲ್ಲಿ ಇದರ ಹೆಸರು ಮಲಬಾರ್ ಸ್ಪೈನಿ ಡಾರ್ಮೌಸ್. ನಾವು ಇಲ್ಲಿ ಮುಳ್ಳಿಲಿ ಎಂದು ಕರೆಯೋಣ. ದೇಹದ ಉದ್ದ ಸುಮಾರು 13-14 ಸೆಂಟಿಮೀಟರು. ಬೆನ್ನಿನ ಕಂದು ರೋಮದ ನಡುನಡುವೆ ಚಪ್ಪಟೆಯಾದ ಮುಳ್ಳುಗಳು; ಹೊಟ್ಟೆಯ ಭಾಗ ಮಾಸಲು ಬಿಳುಪು. ಬಾಲದ ತುದಿಯಲ್ಲಿ ಮಾತ್ರ ಕೂದಲು ದಟ್ಟವಾಗಿ ಬೆಳೆದು ಸೀಸೆ ತೊಳೆಯುವ ಕುಂಚದಂತೆ ಕಾಣುತ್ತದೆ. ಹಗಲೆಲ್ಲ ಪೊಟರೆಯೊಳಗೆ ವಾಸ. ಕತ್ತಲಾದ ಮೇಲೆ ಕೊಂಬೆಯಿಂದ ಕೊಂಬೆಗೆ ಸಂಚಾರ. ಹಣ್ಣು, ಬೀಜಗಳೇ ಮುಖ್ಯ ಆಹಾರ. ಕಳ್ಳಿಳಿಸುವವರು ಮರಕ್ಕೆ ಕಟ್ಟಿದ ಗಡಿಗೆಯಲ್ಲಿ ಬಾಯಿ ಹಾಕುವ ಚಪಲವೂ ಇದಕ್ಕುಂಟೆಂದು ಪ್ರಾಣಿಶಾಸ್ತ್ರಜ್ಞರು ದಾಖಲಿಸಿದ್ದಾರೆ.

ಕಲ್ಕತ್ತೆಯ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1859ರಲ್ಲಿ ಇದಕ್ಕೆ ಪ್ಲಾಟಕ್ಯಾಂಥೊಮಿಸ್ ಲಾಸಿಯುರಸ್ ಎಂದು ಹೆಸರಿಟ್ಟನು. ಚಪ್ಪಟೆ ಮುಳ್ಳಿನ, ರೋಮಬಾಲದ ಇಲಿ ಎಂದು ಅದರ ಅರ್ಥ. ಈ ಹೆಸರಿನಲ್ಲಿ ಲೋಪವಿಲ್ಲ. ತೊಡಕು ಇರುವುದು ಡಾರ್ಮೌಸ್ ಎಂಬ ಬಳಕೆಯ ಹೆಸರಿನಲ್ಲಿ. ಯೂರೋಪಿನ ಡಾರ್ಮೌಸುಗಳ ದವಡೆಹಲ್ಲಿನ ಮೇಲೆ ಇರುವಂತೆ ಇದರ ಹಲ್ಲಿನ ಮೇಲೂ ಓರೆಯಾದ ಸಾಲುಗೆರೆಗಳಿವೆ, ಬಾಲವೂ ಅಂಥದೇ. ಆದರೆ ಹಲ್ಲುಗಳನ್ನು ಎಣಿಸಿದರೆ ವಂಚನೆ ಬಯಲಾಗುತ್ತದೆ. ಡಾರ್ಮೌಸಿಗೆ ದವಡೆಯ ಒಂದೊಂದು ಪಕ್ಕದಲ್ಲಿ ನಾಲ್ಕು ಅರೆಯುವ ಹಲ್ಲು. ಮುಳ್ಳಿಲಿಗೆ, ಇತರ ಇಲಿಗಳಂತೆ, ಮೂರೇ. ಹೀಗೆ ತಪ್ಪು ಹೆಸರಿಟ್ಟರೆಂದು ಆಂಗ್ಲರನ್ನು ನಾವು ಹಳಿಯುವಂತಿಲ್ಲ: ದಂಶಕವೇ ಆದ ಮತ್ತೊಂದು ಮುಳ್ಳಿನ ಪ್ರಾಣಿಯನ್ನು ಹಂದಿಯೆಂದು ಕರೆದವರು ನಾವೇ ಅಲ್ಲವೆ?

ಇಲಿಗಳ ಮಹಾಕುಲದಿಂದ ಬಹು ಹಿಂದೆಯೇ ಕವಲೊಡೆದ ಒಂದು ಪುರಾತನ ಶಾಖೆಗೆ ಮುಳ್ಳಿಲಿ ಸೇರಿದೆ. ಇದೇ ಕುಟುಂಬದ ಪಳೆಯುಳಿಕೆಗಳು ಯೂರೋಪಿನ ಮಯೊಸೀನ್ ಯುಗದ ಸ್ತರಗಳಲ್ಲಿ ದೊರೆತಿವೆ. ಇಂದು ಉಳಿದಿರುವ ಜಾತಿಗಳು ಎರಡೇ ಕುಲಗಳಿಗೆ ಸೇರಿದವು. ಒಂದು ನಮ್ಮದು, ಇನ್ನೊಂದು ಚೀನ ಮತ್ತು ವಿಯೆಟ್ನಾಂ ಬೆಟ್ಟಗಾಡುಗಳ ಟಿಫ್ಲೊಮಿಸ್, ಅಂದರೆ ಕುರುಡಿಲಿ. ಈ ಕುರುಡಿಲಿ ಬಾವಲಿಯಂತೆ ನಮ್ಮ ಕಿವಿಗೆ ನಿಲುಕದ ದನಿಯನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಕತ್ತಲಲ್ಲಿ ದಾರಿ ಕಂಡುಕೊಳ್ಳುತ್ತದೆಂದು 2021ರಲ್ಲಿ ವಿಜ್ಞಾನಿಗಳು ಪ್ರಯೋಗಗಳಿಂದ ತೋರಿಸಿದರು. ದಾಯಾದಿಗೆ ಇಂಥ ವಿದ್ಯೆಯಿರುವಾಗ ನಮ್ಮ ಮುಳ್ಳಿಲಿಯ ರಾತ್ರಿಯ ಬಾಳನ್ನು ಕಿವಿಗೊಟ್ಟು ಆಲಿಸಲು ಯಾರಿಗೆ ತಾನೆ ಕುತೂಹಲವಾಗದು?

ಆದರೆ ಈ ಪ್ರಾಣಿಯ ವಿಷಯದಲ್ಲಿ ಕುತೂಹಲಕ್ಕಿಂತ ಮೊದಲು ಹುಟ್ಟಿದ್ದು ದೂರು. ಕಾಳುಮೆಣಸನ್ನು ತಿನ್ನುವುದರಿಂದ ಇದಕ್ಕೆ ಮೆಣಸಿನ ಇಲಿ ಎಂಬ ಹೆಸರು ಹತ್ತೊಂಬತ್ತನೆಯ ಶತಮಾನದಲ್ಲೇ ಬಂದಿತ್ತು. ಬೆಳೆಗಾರನ ನಷ್ಟವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಪೀಡೆ ಎಂಬ ಒಂದು ಶಬ್ದ ಅಂಟಿಕೊಂಡಿತೆಂದರೆ ಆ ಪ್ರಾಣಿಯ ವಿಷಯದಲ್ಲಿ ಮುಂದಿನ ಪ್ರಶ್ನೆಗಳು ನಿಂತುಹೋಗುತ್ತವೆ. ಇದು ನಮ್ಮ ಆಕ್ಷೇಪ. ನೆಲದ ಮೇಲೆ ಬೋನಿಟ್ಟು ಕಾಡಿನ ಇಲಿಗಳನ್ನು ಎಣಿಸುವವರ ಪಟ್ಟಿಗೆ ಮರದಲ್ಲೇ ಬಾಳುವ ಈ ಪ್ರಾಣಿ ಸೇರುವುದು ಕಷ್ಟ. ತಮಿಳುನಾಡಿನ ಕಳಕ್ಕಾಡು-ಮುಂಡಂತುರೈ ಕಾಡಿನಲ್ಲಿ ನಡೆದ ಇದರ ಅಧ್ಯಯನವೊಂದು 2001ರಲ್ಲಿ ಬೆಂಗಳೂರಿನ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂಥ ಶ್ರಮವನ್ನು ನಮ್ಮ ಮಲೆನಾಡಿನ ಕಾಲೇಜುಗಳೂ ಕೈಗೊಳ್ಳಬೇಕೆಂದು ನಾವು ಬಯಸುತ್ತೇವೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಮುಳ್ಳಿಲಿಯನ್ನು ಅಳಿವಿನ ಅಪಾಯವುಳ್ಳ ಜೀವಿಯೆಂದು ನಮೂದಿಸಿದ್ದಾರೆ.

ಇದರ ಬಾಳಿಗೆ ಎರಡು ಅನುಕೂಲಗಳು ಅಗತ್ಯ: ವಾಸಕ್ಕೆ ಪೊಟರೆ, ಸಂಚಾರಕ್ಕೆ ಒಂದಕ್ಕೊಂದು ತಾಗುವ ಕೊಂಬೆಗಳು. ಪೊಟರೆ ಒಂದೆರಡು ವರ್ಷಗಳಲ್ಲಿ ಆಗುವಂಥದಲ್ಲ. ಮರ ಬಲಿಯಬೇಕು, ಕೊಂಬೆ ಮುರಿಯಬೇಕು, ಗಾಯದೊಳಗೆ ಅಣಬೆ ಹೊಕ್ಕು ತಿರುಳನ್ನು ನಿಧಾನವಾಗಿ ಕೊಳೆಯಿಸಬೇಕು. ಕೊಡಗು, ಚಿಕ್ಕಮಗಳೂರುಗಳ ಎಷ್ಟೋ ಕಾಫಿತೋಟಗಳಲ್ಲಿ ನಾಡಮರಗಳನ್ನು ತೆಗೆದು, ಬೇಗ ಬೆಳೆಯುವ ಸಿಲ್ವರ್ ಓಕ್ ನೆಟ್ಟಿದ್ದಾರೆ. ನೆಟ್ಟಗೆ ಬೆಳೆದು, ಬಲಿಯುವ ಮುನ್ನವೇ ಗರಗಸಕ್ಕೆ ಸಿಕ್ಕುವ ಆ ಮರದಲ್ಲಿ ಪೊಟರೆಯಾಗಲು ಕಾಲವೆಲ್ಲಿ?

ತೋಟವನ್ನೇ ಕಾಡಾಗಿಸಿರೆಂದು ನಾವು ಹೇಳುವುದಿಲ್ಲ. ಕೂಲಿಯಾಳುಗಳು ಓಡಾಡುವ ದಾರಿಯ ಮೇಲೆ ಬೀಳುವಂತಿರುವ ಟೊಳ್ಳುಮರವನ್ನು ಕಡಿಯಲೇಬೇಕು. ಆದರೆ ತೊರೆಯ ದಂಡೆಯಲ್ಲಿ, ಕಾಡಿನ ಅಂಚಿನಲ್ಲಿ, ಯಾರಿಗೂ ಅಡ್ಡಿಯಾಗದೆ ನಿಂತ ಮುದಿಮರಗಳೂ ಇವೆ. ಅವುಗಳಿಂದ ಬರುವ ಸೌದೆಯ ಹಣ ಅಲ್ಪ. ನೆರಳಿನ ಮರಗಳನ್ನು ಸವರುವ ಮರಗಸಿಯ ಕಾಲದಲ್ಲಿ ಅಂಥ ಮರದ ಒಂದೆರಡು ಕೊಂಬೆಗಳನ್ನು ನೆರೆಮರಕ್ಕೆ ತಾಗುವಂತೆ ಉಳಿಸಲೂ ಹೆಚ್ಚಿನ ಖರ್ಚಿಲ್ಲ. ಮಲೆನಾಡಿನಿಂದ ಬಂದು ಕಾಲೇಜಿನಲ್ಲಿ ಓದುತ್ತಿರುವ ತರುಣ ವಾಚಕರು, ಬರುವ ರಜೆಯಲ್ಲಿ ಊರಿಗೆ ಹೋದಾಗ, ಹಿರಿಯರು ಗರಗಸದವರನ್ನು ಕರೆಸುವುದಕ್ಕೆ ಮುಂಚೆ ಅಂಥ ಮರಗಳನ್ನು ತೋರಿಸಿ ಅವರೊಡನೆ ಈ ವಿಷಯ ಮಾತನಾಡಲಿ.